ನಾರ್ವೆ, ಸ್ವಾಲ್ಬಾರ್ಡ್ ಕ್ರೂಸ್: ಕೋಣೆ ನೋಡುವ ಮೊದಲು ಬಂದರಿನ ಪಟ್ಟಿ ನೋಡಿ

ಸ್ಕ್ಯಾಂಡಿನೇವಿಯಾ ಕ್ರೂಸಿನ ಬ್ರೋಷರ್ ಕೈಗೆ ಬಂದರೆ ಬಾಲ್ಕನಿ, ಸ್ಪಾ, ಶಾಂಪೇನ್ ಚಿತ್ರಗಳೆಲ್ಲ ಆಮೇಲೆ ಇರಲಿ. ಮೊದಲು ಹಿಂದಿನ ಪುಟದಲ್ಲಿ ಸಣ್ಣ ಅಕ್ಷರದಲ್ಲಿರುವ ಬಂದರುಗಳ ಪಟ್ಟಿ ತೆಗೆಯಿರಿ. ಯಾವ ಊರು, ಎಷ್ಟು ಗಂಟೆಗೆ ಮುಟ್ಟುವುದು, ಎಷ್ಟು ಗಂಟೆಗೆ ಬಿಡುವುದು, ಹಡಗು ಧಕ್ಕೆಗೆ ತಾಗಿ ನಿಲ್ಲುತ್ತದೋ ಅಥವಾ ನಡುನೀರಿನಲ್ಲಿ ಲಂಗರು ಹಾಕುತ್ತದೋ. ನೀವು ಲಕ್ಷಗಟ್ಟಲೆ ಕೊಡುವುದು ಈ ಪಟ್ಟಿಗೆ. ಐಷಾರಾಮ ಎಲ್ಲ ದುಬಾರಿ ಹಡಗುಗಳಲ್ಲೂ ಹೆಚ್ಚು ಕಡಿಮೆ ಒಂದೇ ಉಂಟು, ದಾರಿ ಒಂದೇ ಇಲ್ಲ.

ಚಳಿಗಾಲದಲ್ಲಿ ಪಣಂಬೂರಿಗೆ ಕ್ರೂಸ್ ಹಡಗು ಬರುವುದನ್ನು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಬೆಳಿಗ್ಗೆ ಇಳಿದವರನ್ನು ಬಸ್ಸಿನಲ್ಲಿ ಕುದ್ರೋಳಿ, ಮೂಡುಬಿದಿರೆಯ ಸಾವಿರ ಕಂಬದ ಬಸದಿ ಎಂದು ಸುತ್ತಿಸಿ ಸಂಜೆಗೆ ಮತ್ತೆ ಹಡಗು ಹತ್ತಿಸುತ್ತಾರೆ. ಅವರು ಮಂಗಳೂರು ನೋಡಿದರೇ ಎಂದು ಕೇಳಿದರೆ ನೀವು ಏನು ಹೇಳುತ್ತೀರೋ, ನಾರ್ವೆಯ ಬರ್ಗೆನ್ ವಿಷಯದಲ್ಲಿ ನಿಮಗೂ ಅದೇ ಉತ್ತರ. ಹಾಗಾಗಿ ಹತ್ತು ದಿನದಲ್ಲಿ ಒಂಬತ್ತು ಬಂದರು ತೋರಿಸುವ ಹಡಗಿಗಿಂತ, ಆರೇ ಬಂದರಿನಲ್ಲಿ ಹತ್ತು ಹನ್ನೆರಡು ಗಂಟೆ ನಿಲ್ಲುವ ಹಡಗು ಒಳ್ಳೆಯದು. ಉತ್ತರ ನಾರ್ವೆಯ ಟ್ರೊಮ್ಸೊದಲ್ಲಿ ರಾತ್ರಿ ತಂಗುವುದಿದ್ದರೆ ಇನ್ನೂ ಒಳ್ಳೆಯದು.

ಪಟ್ಟಿಯಲ್ಲಿ ಬರುವ ಹೆಸರುಗಳನ್ನು ಹಾಗೇ ನಂಬುವ ಹಾಗಿಲ್ಲ. ‘ಸ್ಟಾಕ್‌ಹೋಮ್’ ಎಂದು ದೊಡ್ಡದಾಗಿ ಬರೆದು ಪಕ್ಕದಲ್ಲಿ ನೈನೆಸ್‌ಹಾಮ್ನ್ ಎಂದಿದ್ದರೆ ಹಡಗು ನಿಲ್ಲುವುದು ನಗರದಿಂದ ಸುಮಾರು 60 ಕಿ.ಮೀ. ದೂರ. ‘ಬರ್ಲಿನ್’ ಎಂದರೆ ವಾರ್ನೆಮುಂಡೆ. ಅಲ್ಲಿಂದ ಬರ್ಲಿನ್‌ಗೆ ಹೋಗಲಿಕ್ಕೇ ಮೂರು ಗಂಟೆ ಬೇಕು, ಬರಲಿಕ್ಕೆ ಮತ್ತೆ ಮೂರು. ಕೋಪನ್‌ಹೇಗನ್‌ನಲ್ಲಿ ಲಾಂಗೆಲಿನಿ ಧಕ್ಕೆ ಸಿಕ್ಕಿದರೆ ಮತ್ಸ್ಯಕನ್ಯೆಯ ಪ್ರತಿಮೆಗೆ ನಡೆದೇ ಹೋಗಬಹುದು, ಓಷನ್‌ಕೈ ಸಿಕ್ಕಿದರೆ ಬಸ್ಸು ಬೇಕು. ಟ್ರೊಮ್ಸೊದಲ್ಲೂ ಹಾಗೆಯೇ: ಪ್ರೋಸ್ಟ್‌ನೆಸೆಟ್ ಊರ ನಡುವೆ, ಬ್ರೈವಿಕಾ ನಾಲ್ಕು ಕಿ.ಮೀ. ಆಚೆ. ಓಸ್ಲೊ, ಬರ್ಗೆನ್, ಓಲೆಸುಂಡ್ ಇವು ಮೂರೂ ಇಳಿದ ಕೂಡಲೇ ಊರು. ‘ಸೀನಿಕ್ ಕ್ರೂಸಿಂಗ್’ ಎಂದು ಬರೆದ ಕಡೆ ಇಳಿಯಲಿಕ್ಕೇ ಇಲ್ಲ, ಡೆಕ್ಕಿನಲ್ಲಿ ನಿಂತು ನೋಡುವುದಷ್ಟೆ. ಹೆಲ್ಲೆಸಿಲ್ಟ್ ಎಂಬ ಹೆಸರು ಅರ್ಧ ಗಂಟೆಗೆ ಕಂಡರೆ, ಅದು ಬಸ್ಸಿನಲ್ಲಿ ಗೈರಾಂಗರ್‌ಗೆ ಹೋಗುವ ಪ್ರವಾಸ ಕೊಂಡವರನ್ನು ಇಳಿಸಲಿಕ್ಕೆ ಮಾತ್ರ. ಇನ್ನು ಹಳೆಯ ಬಾಲ್ಟಿಕ್ ಕ್ರೂಸುಗಳ ಮುಖ್ಯ ಆಕರ್ಷಣೆಯಾಗಿದ್ದ ಸೇಂಟ್ ಪೀಟರ್ಸ್‌ಬರ್ಗ್ 2022ರಿಂದ ಪಟ್ಟಿಯಲ್ಲೇ ಇಲ್ಲ. ಅದಿಲ್ಲದ ಮೇಲೆ ನಮ್ಮ ದೃಷ್ಟಿಯಲ್ಲಿ ಬಾಲ್ಟಿಕ್‌ಗಿಂತ ನಾರ್ವೆ ಕರಾವಳಿಗೇ ದುಡ್ಡು ಹಾಕುವುದು ಸರಿ. ಟಾಲಿನ್, ಹೆಲ್ಸಿಂಕಿಯನ್ನು ರೈಲು, ಫೆರಿಯಲ್ಲಿ ಅಗ್ಗಕ್ಕೆ ನೋಡಬಹುದು, ಫ್ಯೋರ್ಡನ್ನು (ಕಡಿದಾದ ಬೆಟ್ಟಗಳ ನಡುವೆ ಒಳನುಗ್ಗಿದ ಕಡಲನ್ನು) ನೀರಿನ ಮೇಲಿಂದಲೇ ನೋಡಬೇಕು.

ಯಾವ ತಿಂಗಳು?

ಮಧ್ಯರಾತ್ರಿಯ ಸೂರ್ಯ, ಅಂದರೆ ರಾತ್ರಿಯೂ ಮುಳುಗದ ಸೂರ್ಯ, ಬೇಕೆಂದು ಹೋಗುವವರು ದಿನಾಂಕ ನೋಡಿ ಹೋಗಬೇಕು. ಬೂಡೊದಲ್ಲಿ ಅದು ಜೂನ್ 4ರ ಸುಮಾರಿಗೆ ಶುರುವಾಗಿ ಜುಲೈ 8ಕ್ಕೆ ಮುಗಿಯುತ್ತದೆ. ಟ್ರೊಮ್ಸೊದಲ್ಲಿ ಮೇ 20ರಿಂದ ಜುಲೈ 22ರ ತನಕ, ನಾರ್ಡ್‌ಕಾಪ್‌ನಲ್ಲಿ ಮೇ ಮಧ್ಯದಿಂದ ಜುಲೈ ಕೊನೆಯ ತನಕ, ಇನ್ನೂ ಉತ್ತರದ ಸ್ವಾಲ್ಬಾರ್ಡ್ ದ್ವೀಪಗಳ ಲಾಂಗ್‌ಇಯರ್‌ಬಿಯೆನ್‌ನಲ್ಲಿ ಏಪ್ರಿಲ್ 20ರಿಂದ ಆಗಸ್ಟ್ 22ರ ಆಸುಪಾಸಿನವರೆಗೆ. ಆರ್ಕ್ಟಿಕ್ ವೃತ್ತ ಇರುವುದು 66 ಡಿಗ್ರಿ 33 ನಿಮಿಷ ಉತ್ತರದಲ್ಲಿ. ಬರ್ಗೆನ್, ಫ್ಲೋಮ್, ಗೈರಾಂಗರ್ ಎಲ್ಲ ಅದಕ್ಕಿಂತ ಕೆಳಗೆ. ಅಲ್ಲಿ ರಾತ್ರಿ ಪೂರ್ತಿ ಕತ್ತಲಾಗದಿದ್ದರೂ ಸೂರ್ಯ ಮುಳುಗಿಯೇ ಮುಳುಗುತ್ತಾನೆ. ‘ಫ್ಯೋರ್ಡ್ ಕ್ರೂಸ್, ಏಳು ರಾತ್ರಿ’ ಕೊಂಡು ಮಧ್ಯರಾತ್ರಿಯ ಸೂರ್ಯನಿಗಾಗಿ ಡೆಕ್ಕಿನಲ್ಲಿ ಕಾದರೆ ಸಿಗುವುದು ಶೀತ ಮಾತ್ರ.

ಜಲಪಾತ ಬೇಕಾದವರಿಗೆ ಮೇ ಕೊನೆ, ಜೂನ್. ಅಲ್ಲಿ ನೀರು ಬರುವುದು ಬೆಟ್ಟದ ಹಿಮ ಕರಗಿ. ಆಗಸ್ಟ್‌ಗಾಗುವಾಗ ಗೈರಾಂಗರ್‌ನ ಪ್ರಸಿದ್ಧ ‘ಏಳು ಸೋದರಿಯರ’ ಜಲಪಾತದಲ್ಲಿ ಕೆಲವು ಸೋದರಿಯರು ಬತ್ತಿರುತ್ತಾರೆ. ಸ್ವಾಲ್ಬಾರ್ಡ್‌ನ ಉತ್ತರ ಭಾಗಕ್ಕೆ ಹೋಗುವವರಿಗೆ ಲೆಕ್ಕ ಉಲ್ಟಾ: ಜೂನ್‌ನಲ್ಲಿ ಕಡಲಿನ ಮಂಜುಗಡ್ಡೆ ದಾರಿ ಕಟ್ಟಬಹುದು, ಜುಲೈ, ಆಗಸ್ಟ್ ವಾಸಿ.

ಶಾಲೆಗೆ ಹೋಗುವ ಮಕ್ಕಳಿದ್ದರೆ ನಮ್ಮ ರಜೆ ಏಪ್ರಿಲ್, ಮೇ. ಅಲ್ಲಿ ಸೀಸನ್ ಶುರುವಾಗುವುದೇ ಮೇಯಲ್ಲಿ. ಆದರೆ ಮೇ ಕೊನೆಯ ವಾರ ಟ್ರೊಮ್ಸೊ, ನಾರ್ಡ್‌ಕಾಪ್ ಮುಟ್ಟುವ ಹಡಗು ಸಿಕ್ಕಿದರೆ ಮಧ್ಯರಾತ್ರಿಯ ಸೂರ್ಯನೂ ಸಿಕ್ಕಿತು, ಬೆಟ್ಟದ ಮೇಲೆ ಹಿಮವೂ ಸಿಕ್ಕಿತು, ಜನವೂ ಕಡಿಮೆ. ತೊಂದರೆ ಒಂದೇ, ಎತ್ತರದ ಕೆಲವು ರಸ್ತೆಗಳು ಆಗಿನ್ನೂ ತೆರೆದಿರುವುದಿಲ್ಲ. ಶಾಲೆಯ ಮಕ್ಕಳಿಲ್ಲದ ಹಿರಿಯರಿಗೆ ಆಟಿ ತಿಂಗಳು (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದ ತನಕ) ಹೇಳಿ ಮಾಡಿಸಿದ್ದು. ಮದುವೆ, ಗೃಹಪ್ರವೇಶ ಯಾವುದೂ ಇಲ್ಲ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ವೀಸಾ: ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಇಲ್ಲಿ

ಡೆನ್ಮಾರ್ಕ್, ಸ್ವೀಡನ್, ನಾರ್ವೆ, ಫಿನ್ಲೆಂಡ್, ಐಸ್‌ಲ್ಯಾಂಡ್ ಐದೂ ಶೆಂಗೆನ್, ಅಂದರೆ ಒಂದೇ ವೀಸಾದ ಯುರೋಪಿನ ದೇಶಗಳ ಗುಂಪಿನ ಒಳಗೆ. ನಾರ್ವೆ, ಐಸ್‌ಲ್ಯಾಂಡ್ ಯುರೋಪಿಯನ್ ಒಕ್ಕೂಟದಲ್ಲಿಲ್ಲ, ಆದರೂ ಶೆಂಗೆನ್‌ನಲ್ಲಿವೆ. ಅರ್ಜಿ ಹಾಕಬೇಕಾದದ್ದು ಹೆಚ್ಚು ದಿನ ಇರುವ ದೇಶಕ್ಕೆ. ಕೋಪನ್‌ಹೇಗನ್‌ನಲ್ಲಿ ಹಡಗು ಹತ್ತಿ ಏಳು ದಿನ ನಾರ್ವೆ ಬಂದರುಗಳಲ್ಲಿ ಕಳೆಯುವುದಾದರೆ ಡೆನ್ಮಾರ್ಕ್‌ಗಲ್ಲ, ನಾರ್ವೆಗೆ. ದಿನಗಳು ಸಮ ಸಮ ಬಂದರೆ ಮೊದಲು ಕಾಲಿಡುವ ದೇಶಕ್ಕೆ. ಅರ್ಜಿಯ ಜೊತೆಗೆ ತಾರೀಕು, ಬಂದರು, ದೇಶ ಎಂದು ಮೂರು ಕಾಲಮಿನ ಒಂದು ಹಾಳೆ ಮಾಡಿ ಇಡಿ. ಹಡಗಿನ ಬುಕಿಂಗ್ ಪತ್ರ ನೋಡಿ ಲೆಕ್ಕ ಹಾಕುವ ಕಷ್ಟವನ್ನು ಅಧಿಕಾರಿಗೆ ಕೊಡಬೇಡಿ.

ಸ್ವಾಲ್ಬಾರ್ಡ್ ನಾರ್ವೆಯದ್ದೇ, ಆದರೆ ಶೆಂಗೆನ್ ಹೊರಗೆ. 1920ರ ಸ್ವಾಲ್ಬಾರ್ಡ್ ಒಪ್ಪಂದದ ಕಾರಣ ಅಲ್ಲಿಗೆ ಪ್ರತ್ಯೇಕ ವೀಸಾ ಬೇಡ. ಹಾಗೆಂದು ನಿರಾಳವಾಗುವಂತಿಲ್ಲ. ಟ್ರೊಮ್ಸೊದಿಂದ ಲಾಂಗ್‌ಇಯರ್‌ಬಿಯೆನ್‌ಗೆ ಹೋದರೆ ನೀವು ಶೆಂಗೆನ್ ಬಿಟ್ಟಂತೆ, ವಾಪಸ್ ಬಂದರೆ ಎರಡನೆಯ ಸಲ ಒಳಬಂದಂತೆ. ಸಿಂಗಲ್ ಎಂಟ್ರಿ ವೀಸಾ ಇದ್ದವರನ್ನು ಹಡಗಿನವರು ಹತ್ತಿಸುವುದೇ ಇಲ್ಲ. ಅರ್ಜಿಯಲ್ಲಿ ಮಲ್ಟಿಪಲ್ ಎಂಟ್ರಿ ಎಂದೇ ಗುರುತು ಹಾಕಿ, ಕವರಿಂಗ್ ಲೆಟರಿನಲ್ಲಿ ಕಾರಣ ಬರೆಯಿರಿ. ಇದೇ ಗೊಂದಲ ಫ್ಯಾರೋ ದ್ವೀಪದ ಟೋರ್ಸ್‌ಹಾವ್ನ್ ಮತ್ತು ಗ್ರೀನ್‌ಲ್ಯಾಂಡ್ ಬಂದರುಗಳದ್ದು: ಎರಡೂ ಡೆನ್ಮಾರ್ಕಿನ ಆಡಳಿತಕ್ಕೆ ಸೇರಿದರೂ ಶೆಂಗೆನ್‌ಗೆ ಸೇರಿಲ್ಲ, ಅವುಗಳಿಗೆ ಡ್ಯಾನಿಷ್ ಕಡೆಯಿಂದ ಬೇರೆಯೇ ಅನುಮತಿ ಬೇಕು. ದಾರಿಯಲ್ಲಿ ಲರ್ವಿಕ್, ಕರ್ಕ್‌ವಾಲ್ ಅಥವಾ ಎಡಿನ್‌ಬರೊ ಇದ್ದರೆ ಬ್ರಿಟನ್ನಿನ ವೀಸಾ ಕೂಡ. ಸೌತಾಂಪ್ಟನ್‌ನಿಂದ ಹೊರಡುವ ಹಡಗು ಅಗ್ಗ ಎಂದು ಕಂಡರೂ ಎರಡು ವೀಸಾದ ಖರ್ಚು, ತಲೆಬಿಸಿ ಸೇರಿಸಿ ನೋಡಿ.

ಶೆಂಗೆನ್ ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45. ಅರ್ಜಿ ಕೇಂದ್ರದವರ ಸೇವಾ ಶುಲ್ಕ ಬೇರೆ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಜುಲೈ ಪ್ರಯಾಣಕ್ಕೆ ಫೆಬ್ರವರಿ, ಮಾರ್ಚ್‌ನಲ್ಲೇ ಬೆಂಗಳೂರಿನಲ್ಲಿ ಬೆರಳಚ್ಚು ಕೊಟ್ಟು ಮುಗಿಸಿ. ಏಪ್ರಿಲ್ ದಾಟಿದರೆ ಸ್ಲಾಟ್ ಸಿಗುವುದೇ ಕಷ್ಟ. ವಿಮೆ ಕನಿಷ್ಠ 30,000 ಯೂರೋ ಮೊತ್ತದ್ದಿರಬೇಕು ಎಂಬುದು ವೀಸಾದ ನಿಯಮ. ಆದರೆ ಆರ್ಕ್ಟಿಕ್‌ಗೆ ಅಷ್ಟು ಸಾಲದು. ಹಡಗಿನಿಂದ ಹೆಲಿಕಾಪ್ಟರಿನಲ್ಲಿ ಆಸ್ಪತ್ರೆಗೆ ಸಾಗಿಸುವ ಖರ್ಚು ಪಾಲಿಸಿಯಲ್ಲಿ ಸೇರಿದೆಯೇ, ಕ್ರೂಸ್ ಎಂಬ ಶಬ್ದ ಹೊರತುಪಡಿಸಿದ ಪಟ್ಟಿಯಲ್ಲಿದೆಯೇ ಎಂದು ಓದಿಯೇ ಸಹಿ ಹಾಕಿ. ಹಡಗಿನ ಡಾಕ್ಟರು ಪುಕ್ಕಟೆ ಅಲ್ಲ, ಬಿಲ್ಲು ನಿಮ್ಮ ಕೋಣೆಯ ಖಾತೆಗೆ ಬರುತ್ತದೆ.

ನಮ್ಮ ಕಡೆ ಇನ್ನೆರಡು ಸಮಸ್ಯೆಗಳುಂಟು. ಒಂದು, ಹೆಸರು. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆದಿರುತ್ತದೆ, ಪ್ಯಾನ್‌ನಲ್ಲಿ ಬರೀ ಒಂದಕ್ಷರ, ಬ್ಯಾಂಕಿನಲ್ಲಿ ಮನೆತನದ ಹೆಸರು ಸೇರಿಕೊಂಡಿರುತ್ತದೆ. ಹಡಗಿನ ಟಿಕೆಟ್, ವಿಮಾನದ ಟಿಕೆಟ್, ವಿಮೆ ಮೂರೂ ಪಾಸ್‌ಪೋರ್ಟಿನಲ್ಲಿದ್ದ ಹಾಗೇ ಇರಬೇಕು, ಸರ್‌ನೇಮ್ ಖಾನೆ ಖಾಲಿ ಇದ್ದವರು ಏಜೆಂಟರಿಗೆ ಮೊದಲೇ ಹೇಳಬೇಕು. ಇನ್ನೊಂದು, ಖರ್ಚು ಮಾಡುವವರು. ದುಬೈಯಲ್ಲೋ ಕತಾರಿನಲ್ಲೋ ಇರುವ ಮಗ ಅಪ್ಪ ಅಮ್ಮನನ್ನು ಕಳಿಸುವುದಾದರೆ ಮಗನ ಪ್ರಾಯೋಜಕ ಪತ್ರ, ಅವನ ಬ್ಯಾಂಕ್ ಸ್ಟೇಟ್‌ಮೆಂಟ್, ಸಂಬಂಧ ತೋರಿಸುವ ಜನನ ಪತ್ರ ಬೇಕು. ತಂದೆಯ ಖಾತೆಗೆ ಅರ್ಜಿಯ ಹಿಂದಿನ ವಾರ ಹತ್ತು ಲಕ್ಷ ತುಂಬಿಸಿ ತೋರಿಸಿದರೆ ಅನುಮಾನವೇ ಹೆಚ್ಚುತ್ತದೆ.

ಹಡಗಿನ ಹಣ ಕಟ್ಟುವ ಗಡುವು ಸಾಮಾನ್ಯವಾಗಿ ಹೊರಡುವುದಕ್ಕೆ 90ರಿಂದ 120 ದಿನ ಮೊದಲು. ವೀಸಾ ನಿರಾಕರಣೆಯಾದರೆ ಆಮೇಲೆ ಹಣ ವಾಪಸ್ ಬರುವುದು ಅಪರೂಪ. ಅದಕ್ಕೇ ವೀಸಾ ಬೇಗ ಮುಗಿಸಿ ಎನ್ನುವುದು.

ಬಜ್ಪೆಯಿಂದ ಧಕ್ಕೆಯ ತನಕ

ಆರ್ಕ್ಟಿಕ್ ಬೇಸಿಗೆ ಎಂದರೆ ನಮ್ಮಲ್ಲಿ ಭರ್ತಿ ಮಳೆಗಾಲ. ಬಜ್ಪೆಯ ರನ್‌ವೇ ಗುಡ್ಡದ ತಲೆಯ ಮೇಲೆ. ಮೋಡ ಇಳಿದು ಏನೂ ಕಾಣದಾದರೆ ವಿಮಾನ ಬೇರೆ ಊರಿಗೆ ತಿರುಗುತ್ತದೆ. ಶಿರಾಡಿಯಲ್ಲಿ ಗುಡ್ಡ ಜರಿದರೆ ಬಸ್ಸೂ ಇಲ್ಲ, ಸಕಲೇಶಪುರ, ಸುಬ್ರಹ್ಮಣ್ಯ ನಡುವೆ ಹಳಿ ಮೇಲೆ ಮಣ್ಣು ಬಿದ್ದರೆ ರೈಲೂ ಇಲ್ಲ. ಕೊಂಕಣ ರೈಲು ಮಳೆಗಾಲದ ವೇಳಾಪಟ್ಟಿಯಲ್ಲಿ ನಿಧಾನ. ಹಡಗಾದರೋ ಯಾರಿಗೂ ಕಾಯುವುದಿಲ್ಲ. ಹಾಗಾಗಿ ಊರು ಬಿಡುವುದಕ್ಕೂ ಬೆಂಗಳೂರು ಅಥವಾ ಮುಂಬಯಿಯಲ್ಲಿ ಅಂತಾರಾಷ್ಟ್ರೀಯ ವಿಮಾನ ಹತ್ತುವುದಕ್ಕೂ ನಡುವೆ ಒಂದು ಪೂರ್ತಿ ದಿನ, ಹಡಗು ಹೊರಡುವ ಊರಿನಲ್ಲಿ ಇನ್ನೊಂದು ದಿನ ಇಟ್ಟುಕೊಳ್ಳಿ. ಬ್ಯಾಗು ತಪ್ಪಿಹೋದರೂ ಆ ಎರಡನೆಯ ದಿನದಲ್ಲಿ ಸಿಕ್ಕೀತು. ಹಡಗು ಹೊರಟ ಮೇಲೆ ಬ್ಯಾಗು ಮುಂದಿನ ಬಂದರಿಗೆ ಬರುವುದು ದೈವಚಿತ್ತ.

ಮಂಗಳೂರಿನಿಂದ ನೇರ ಕೊಲ್ಲಿಗೆ ಹೋಗಿ ಅಲ್ಲಿಂದ ಬೇರೆ ಕಂಪನಿಯ ವಿಮಾನದಲ್ಲಿ ಕೋಪನ್‌ಹೇಗನ್‌ಗೆ ಹೋಗುವ ಉಪಾಯ ಎಲ್ಲರಿಗೂ ಹೊಳೆಯುತ್ತದೆ. ಎರಡು ಬೇರೆ ಬೇರೆ ಟಿಕೆಟಾದರೆ ಬ್ಯಾಗನ್ನು ನೀವೇ ಹೊರಗೆ ತಂದು ಮತ್ತೆ ಕೊಡಬೇಕು, ಹೊರಗೆ ಬರಲಿಕ್ಕೆ ಆ ದೇಶದ ವೀಸಾ ಬೇಕಾಗಬಹುದು, ಮೊದಲ ವಿಮಾನ ತಡವಾದರೆ ಎರಡನೆಯವರಿಗೆ ಸಂಬಂಧ ಇಲ್ಲ. ಪೂರ್ತಿ ದಾರಿ ಒಂದೇ ಟಿಕೆಟಿನಲ್ಲಿ ಸಿಗುವುದಾದರೆ ಮಾತ್ರ ಆ ದಾರಿ.

ಹಡಗು, ಕೋಣೆ

ದೊಡ್ಡ ಹಡಗಿನಲ್ಲಿ ಮೂರು ಸಾವಿರ ಜನ, ವೈಕಿಂಗ್ ಕಂಪನಿಯ ಸಮುದ್ರ ಹಡಗುಗಳಲ್ಲಿ 930ರ ಸುಮಾರು, ಸೀಬರ್ನ್, ಸಿಲ್ವರ್‌ಸೀಯಂಥ ಐಷಾರಾಮಿಗಳಲ್ಲಿ ಇನ್ನೂ ಕಡಿಮೆ, ಪೊನಾಂಟ್ ಮಾದರಿಯ ಎಕ್ಸ್‌ಪೆಡಿಷನ್ (ದುರ್ಗಮ ಜಾಗಗಳಿಗೆ ಹೋಗುವ) ಹಡಗುಗಳಲ್ಲಿ ಇನ್ನೂರರ ಆಸುಪಾಸು. ವೈಕಿಂಗ್‌ನಲ್ಲಿ 18 ವರ್ಷದ ಕೆಳಗಿನವರಿಗೆ ಪ್ರವೇಶ ಇಲ್ಲ, ಮೊಮ್ಮಗನನ್ನು ಕರೆದುಕೊಂಡು ಹೋಗುವ ಯೋಚನೆ ಇದ್ದರೆ ಅದು ಬೇಡ. ನಿಜವಾದ ಐಷಾರಾಮಿ ದರ್ಜೆ ಒಬ್ಬರಿಗೆ ದಿನಕ್ಕೆ ಐನೂರು ಡಾಲರಿನ ಕೆಳಗೆ ಸಿಗುವುದು ಕಡಿಮೆ, ಎಕ್ಸ್‌ಪೆಡಿಷನ್ ಅದಕ್ಕಿಂತ ಮೇಲೆ. ದರ ಹೇಳುವುದು ಒಂದು ಕೋಣೆಯಲ್ಲಿ ಇಬ್ಬರು ಎಂಬ ಲೆಕ್ಕದಲ್ಲಿ. ಒಬ್ಬರೇ ಹೋದರೆ ಸುಮಾರು ಎರಡು ಪಟ್ಟಿನ ತನಕ ಕೇಳುವುದುಂಟು.

ದುಡ್ಡು ಉಳಿಸಬೇಕಾದರೆ ಬಾಲ್ಕನಿಯಲ್ಲಿ ಉಳಿಸಬೇಡಿ, ಸೂಟ್‌ನಲ್ಲಿ ಉಳಿಸಿ. ಬೇಸಿಗೆಯ ಉತ್ತರ ನಾರ್ವೆಯಲ್ಲಿ ಬೆಳಕು 24 ಗಂಟೆ, ರಾತ್ರಿ ಎರಡು ಗಂಟೆಗೆ ಹಡಗು ಒಂದು ಕಿರಿದಾದ ಜಲಸಂಧಿ ದಾಟುವಾಗ ಹಾಸಿಗೆಯಿಂದ ಎದ್ದು ಬಾಗಿಲು ತೆಗೆದರೆ ಸಾಕು ಎಂಬ ಅನುಕೂಲ ಬೇರೆ ಕಡೆಗಿಂತ ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಉತ್ತರಕ್ಕೆ ಹೋಗುವಾಗ ಕರಾವಳಿ ಬಲಗಡೆ, ಅಂದರೆ ಸ್ಟಾರ್‌ಬೋರ್ಡ್. ದಕ್ಷಿಣಕ್ಕೆ ಬರುವಾಗ ಎಡಗಡೆ. ಒಂದೇ ದಿಕ್ಕಿನ ಪ್ರಯಾಣವಾದರೆ ಇದನ್ನು ನೋಡಿ ಕೋಣೆ ಆರಿಸಿ, ಹೋಗಿ ಬರುವುದಾದರೆ ತಲೆ ಕೆಡಿಸಿಕೊಳ್ಳಬೇಡಿ. ಫ್ಯೋರ್ಡಿನೊಳಗೆ ಹೇಗೂ ಹಡಗು ತಿರುಗಿ ಅದೇ ದಾರಿಯಲ್ಲಿ ಹೊರಬರುತ್ತದೆ. ‘ಗ್ಯಾರಂಟಿ’ ಕೋಣೆ ಎಂದರೆ ದರ್ಜೆಯ ಗ್ಯಾರಂಟಿ ಮಾತ್ರ, ಎಲ್ಲಿ ಎಂದು ಅವರು ಹೇಳಿದ ಮೇಲೆಯೇ ಗೊತ್ತು. ಊಟದ ಹಾಲ್, ಈಜುಕೊಳದ ಸರಿ ಕೆಳಗಿನ ಕೋಣೆಯಾದರೆ ಬೆಳಿಗ್ಗೆ ಕುರ್ಚಿ ಎಳೆಯುವ ಶಬ್ದ ತಪ್ಪಿದ್ದಲ್ಲ.

ಹೊಟ್ಟೆ ತೊಳೆಸುವ ಭಯ ಇದ್ದವರು ಹಡಗಿನ ನಡುಭಾಗ, ಕೆಳಗಿನ ಡೆಕ್ ಕೇಳಿ. ಅಲ್ಲಿ ತೊನೆತ ಕಡಿಮೆ. ನಾರ್ವೆ ಕರಾವಳಿಯ ಬಹುಪಾಲು ದಾರಿ ದ್ವೀಪಗಳ ಮರೆಯಲ್ಲೇ ಸಾಗುತ್ತದೆ. ಅಲೆ ಸಿಗುವುದು ಮರೆ ತಪ್ಪಿದ ಕಡೆ: ಸ್ಟಾಡ್ ಭೂಶಿರ, ಹುಸ್ಟಾಡ್‌ವಿಕಾ, ಲೋಫೋಟೆನ್ ದ್ವೀಪಗಳಿಗೆ ಮೊದಲು ವೆಸ್ಟ್‌ಫ್ಯೋರ್ಡ್, ಮತ್ತೆ ಸ್ವಾಲ್ಬಾರ್ಡ್‌ಗೆ ಹೋಗುವ ಬ್ಯಾರೆಂಟ್ಸ್ ಸಮುದ್ರ. 2019ರ ಮಾರ್ಚ್‌ನಲ್ಲಿ ವೈಕಿಂಗ್ ಸ್ಕೈ ಹಡಗಿನ ಎಂಜಿನ್ ಬಿರುಗಾಳಿಯಲ್ಲಿ ನಿಂತು, ನೂರಾರು ಜನರನ್ನು ಹೆಲಿಕಾಪ್ಟರಿನಲ್ಲಿ ಎತ್ತಿದ್ದು ಹುಸ್ಟಾಡ್‌ವಿಕಾದಲ್ಲೇ. ಬೇಸಿಗೆಯಲ್ಲಿ ಅಷ್ಟು ಇರುವುದಿಲ್ಲ. ಮಾತ್ರೆ ಅಲೆ ಶುರುವಾದ ಮೇಲೆ ನುಂಗಿದರೆ ಉಪಯೋಗ ಕಡಿಮೆ, ಮೊದಲೇ ತೆಗೆದುಕೊಳ್ಳಬೇಕು. ಬಿಪಿ, ಸಕ್ಕರೆ ಮಾತ್ರೆ ತಿನ್ನುವವರು ಊರಿನ ಡಾಕ್ಟರಲ್ಲಿ ಕೇಳಿಯೇ ಇಟ್ಟುಕೊಳ್ಳಿ.

ಐಷಾರಾಮ ಬೇಡ, ಊರು ಬೇಕು ಎನ್ನುವವರಿಗೆ ಹುರ್ಟಿಗ್ರುಟೆನ್ ಉಂಟು. 1893ರಲ್ಲಿ ಅಂಚೆ, ಸರಕು, ಜನ ಹೊರಲಿಕ್ಕೆ ಶುರುವಾದ, ಈಗ ಬರ್ಗೆನ್‌ನಿಂದ ಕಿರ್ಕೆನೆಸ್‌ಗೆ ಓಡುವ ದಾರಿ, 34 ಬಂದರು. ಕೆಲವು ಕಡೆ ಹದಿನೈದು ನಿಮಿಷ ನಿಲ್ಲುತ್ತದೆ, ಕೆಲವು ಕಡೆ ಬರುವುದು ನಡುರಾತ್ರಿ. ಹೋಗುವಾಗ ರಾತ್ರಿ ದಾಟಿದ ಊರು ಬರುವಾಗ ಹಗಲಿನಲ್ಲಿ ಸಿಗುವ ಹಾಗೆ ವೇಳಾಪಟ್ಟಿ ಉಂಟು.

ಬಂದರುಗಳು, ದಕ್ಷಿಣದಿಂದ ಉತ್ತರಕ್ಕೆ

ಬರ್ಗೆನ್‌ನಲ್ಲಿ ಮಳೆ. ಬರುತ್ತದೋ ಇಲ್ಲವೋ ಎಂಬ ಪ್ರಶ್ನೆಯೇ ಇಲ್ಲ ಎನ್ನುವಷ್ಟು. ಬ್ರಿಗೆನ್ ಎಂಬ ಹಳೆಯ ಮರದ ಅಂಗಡಿ ಸಾಲು 1979ರಿಂದ ವಿಶ್ವ ಪರಂಪರೆ ತಾಣ. ಫ್ಲೋಯೆನ್ ಬೆಟ್ಟದ ಹಳಿಬಂಡಿ 320 ಮೀಟರ್ ಎತ್ತರಕ್ಕೆ ಒಯ್ಯುತ್ತದೆ. ಹಡಗು ಬಂದ ಕೂಡಲೇ ಹೋಗಿ ಅಥವಾ ಮಧ್ಯಾಹ್ನ ಮೇಲೆ. ಹತ್ತರಿಂದ ಒಂದರ ತನಕ ಸಾಲಿನಲ್ಲೇ ಕಳೆಯುತ್ತದೆ.

ಫ್ಲೋಮ್ ಇರುವುದು 205 ಕಿ.ಮೀ. ಉದ್ದದ ಸೋಗ್ನೆಫ್ಯೋರ್ಡಿನ ಒಂದು ಕವಲಿನ ತುದಿಯಲ್ಲಿ. ಸೋಗ್ನೆಫ್ಯೋರ್ಡಿನ ಆಳ 1,300 ಮೀಟರ್ ದಾಟುತ್ತದೆ. ಹಿಮನದಿ ಕೊರೆದ ಕಣಿವೆಗೆ ಸಮುದ್ರ ನುಗ್ಗಿದ್ದರಿಂದ ದಡದ ಪಕ್ಕದಲ್ಲೇ ಆಳ, ಹಾಗಾಗಿಯೇ ಅಷ್ಟು ದೊಡ್ಡ ಹಡಗು ಬಂಡೆಗೆ ಕೈ ಚಾಚುವಷ್ಟು ಹತ್ತಿರ ಹೋಗಲಿಕ್ಕೆ ಸಾಧ್ಯ. ಇಲ್ಲಿ ಮಾಡಬೇಕಾದ್ದು ಒಂದೇ ಕೆಲಸ: ಫ್ಲೋಮ್‌ಬಾನಾ ರೈಲು. 20 ಕಿ.ಮೀ. ದೂರದಲ್ಲಿ ಸಮುದ್ರ ಮಟ್ಟದಿಂದ 867 ಮೀಟರಿನ ಮಿರ್ಡಾಲ್‌ಗೆ ಏರುತ್ತದೆ, 20 ಸುರಂಗ. ಹಡಗು ಬರುವ ದಿನ ಟಿಕೆಟ್ ಸ್ಟೇಷನ್ನಿನಲ್ಲಿ ಸಿಗುವುದು ಕಷ್ಟ. ಹಡಗಿನವರಿಂದ ಕೊಳ್ಳದೆ ನೀವೇ ಆನ್‌ಲೈನ್ ಕೊಂಡರೆ ಅಗ್ಗ, ಆದರೆ ಹಡಗು ಬಿಡುವ ಹೊತ್ತಿಗೆ ಕನಿಷ್ಠ ಎರಡು ಗಂಟೆ ಮೊದಲು ವಾಪಸ್ ಬರುವ ರೈಲೇ ಆರಿಸಿ.

ಗೈರಾಂಗರ್‌ನಲ್ಲಿ ಹೆಚ್ಚಿನ ಹಡಗುಗಳು ಲಂಗರು ಹಾಕುತ್ತವೆ. ಇಳಿಯುವುದು ಟೆಂಡರ್ ದೋಣಿಯಲ್ಲಿ, ಕೆಲವರಿಗೆ ತೇಲುವ ಸೇತುವೆ. ಹಡಗಿನ ಪ್ರವಾಸ ಕೊಂಡವರಿಗೆ ಮೊದಲ ದೋಣಿಗಳು; ಉಳಿದವರು ಟೋಕನ್ ತೆಗೆದುಕೊಂಡು ಕಾಯಬೇಕು, ಒಂದು ಗಂಟೆ ಹೋಗುವುದು ಸಾಮಾನ್ಯ. ಕೊನೆಯ ಟೆಂಡರಿನ ಹೊತ್ತು ಕೈಮೇಲೆ ಬರೆದುಕೊಂಡರೂ ಸರಿ, ಮರೆಯಬೇಡಿ. ಮಂಡಿನೋವಿನವರು ಹಡಗಿನಿಂದ ದೋಣಿಗೆ ಕಾಲಿಡುವಾಗ ಸಿಬ್ಬಂದಿ ಹಿಡಿಯುವುದು ಅಂಗೈಯನ್ನಲ್ಲ, ಮೊಳಕೈ ಕೆಳಗೆ. ಕೈಚೀಲ ಬೆನ್ನಿಗೆ ಹಾಕಿಕೊಂಡು ಎರಡೂ ಕೈ ಖಾಲಿ ಇಡಿ. ಡಾಲ್ಸ್‌ನಿಬ್ಬಾ ಶಿಖರ ಸುಮಾರು 1,500 ಮೀಟರ್. ಕೆಳಗೆ ಬಿಸಿಲಿದ್ದರೂ ಮೇಲೆ ಹಿಮ ಇರಬಹುದು. ಈ ಫ್ಯೋರ್ಡುಗಳಿಗೆ ನಾರ್ವೆ ಸರ್ಕಾರ ಹೊಗೆ ರಹಿತ ನಿಯಮ ತಂದಿದೆ: 10,000 ಟನ್ನೇಜಿನ ಕೆಳಗಿನ ಹಡಗುಗಳಿಗೆ 2026ರಿಂದ, ದೊಡ್ಡವಕ್ಕೆ 2032ರಿಂದ. ಮುಂದಿನ ವರ್ಷಗಳಲ್ಲಿ ಪಟ್ಟಿಯಲ್ಲಿ ಗೈರಾಂಗರ್ ಬದಲು ನೂರ್ಡ್‌ಫ್ಯೋರ್ಡ್‌ನಂಥ ಹೆಸರು ಕಂಡರೆ ಆಶ್ಚರ್ಯ ಬೇಡ.

ಓಲೆಸುಂಡ್ 1904ರ ಜನವರಿಯ ಬೆಂಕಿಯಲ್ಲಿ ಸುಟ್ಟು ಆರ್ಟ್ ನೂವೋ ಶೈಲಿಯಲ್ಲಿ ಮತ್ತೆ ಕಟ್ಟಿದ ಊರು. ಅಕ್ಸ್ಲಾ ಗುಡ್ಡಕ್ಕೆ 418 ಮೆಟ್ಟಿಲು. ಕಾರ್ಕಳದ ಗೊಮ್ಮಟ ಬೆಟ್ಟ ಹತ್ತುವವರಿಗೆ ಇದು ದೊಡ್ಡದಲ್ಲ.

ಲೋಫೋಟೆನ್ ನಮ್ಮ ಕರಾವಳಿಯವರಿಗೆ ಬೇರೆಲ್ಲಕ್ಕಿಂತ ಬೇಗ ಅರ್ಥವಾಗುವ ಜಾಗ. ಇಲ್ಲಿ ಕಾಡ್ ಮೀನನ್ನು ಫೆಬ್ರವರಿಯಿಂದ ಮರದ ಅಟ್ಟಣಿಗೆಗಳಲ್ಲಿ ಜೋಡಿ ಜೋಡಿಯಾಗಿ ಬಾಲ ಕಟ್ಟಿ ನೇತುಹಾಕುತ್ತಾರೆ. ಮಲ್ಪೆಯ ಒಣಮೀನಿನ ಹಾಗೆ ಉಪ್ಪು ಹಾಕುವುದಿಲ್ಲ, ಮರಳಿನಲ್ಲಿ ಹರಡುವುದೂ ಇಲ್ಲ. ಸೊನ್ನೆ ಡಿಗ್ರಿಯ ಆಸುಪಾಸಿನ ಗಾಳಿಯೇ ಒಣಗಿಸುತ್ತದೆ; ಅದಕ್ಕಿಂತ ಬಿಸಿಯಾದರೆ ನೊಣ, ಕೊಳೆ, ತೀರಾ ಚಳಿಯಾದರೆ ಹೆಪ್ಪುಗಟ್ಟಿ ಮಾಂಸ ಒಡೆಯುತ್ತದೆ. ಜೂನ್‌ನಲ್ಲಿ ಮೀನು ಇಳಿಸಿರುತ್ತಾರೆ. ಜುಲೈಯಲ್ಲಿ ಹೋದವರಿಗೆ ಕಾಣುವುದು ಖಾಲಿ ಅಟ್ಟಣಿಗೆ. ಮೀನು ನೋಡಬೇಕಾದರೆ ಮೇಯಲ್ಲೇ ಹೋಗಬೇಕು.

ಟ್ರೊಮ್ಸೊದಲ್ಲಿ 421 ಮೀಟರ್ ಎತ್ತರಕ್ಕೆ ಕೇಬಲ್ ಕಾರ್ ಉಂಟು. ಹಡಗು ರಾತ್ರಿ ನಿಲ್ಲುವುದಾದರೆ ಹಗಲು ಹೋಗಬೇಡಿ, ತಡರಾತ್ರಿ ಹೋಗಿ. ಹೊನಿಂಗ್ಸ್‌ವೊಗ್‌ನಿಂದ ನಾರ್ಡ್‌ಕಾಪ್‌ಗೆ ಸುಮಾರು 35 ಕಿ.ಮೀ., ಬಸ್ಸಿನಲ್ಲಿ ಮುಕ್ಕಾಲು ಗಂಟೆ. 307 ಮೀಟರಿನ ಬಂಡೆ, 71 ಡಿಗ್ರಿ 10 ನಿಮಿಷ ಉತ್ತರ. ಪಕ್ಕದ ಕ್ನಿವ್‌ಶೆಲ್ಲೋಡೆನ್ ಇದಕ್ಕಿಂತ ಸ್ವಲ್ಪ ಇನ್ನೂ ಉತ್ತರಕ್ಕಿದೆ, ಫೋಟೋ ತೆಗೆಸಿಕೊಳ್ಳುವವರು ಯಾರೂ ಅಲ್ಲಿಗೆ ಹೋಗುವುದಿಲ್ಲ. ಮಂಜು ಮುಸುಕಿದರೆ ಬಂಡೆಯ ಮೇಲೆ ನಿಲ್ಲಿಸಿದ ಕಬ್ಬಿಣದ ಭೂಗೋಳದ ಹೊರತು ಏನೂ ಕಾಣದು. ಸಂಜೆಯ ಪ್ರವಾಸ ಇದ್ದರೆ ಅದನ್ನೇ ಆರಿಸಿ.

ಲಾಂಗ್‌ಇಯರ್‌ಬಿಯೆನ್ 78 ಡಿಗ್ರಿಯಲ್ಲಿದೆ, ಜನ ಸುಮಾರು 2,500, ಒಂದು ಮರ ಇಲ್ಲ. ಊರಿನ ಗಡಿ ದಾಟಬೇಕಾದರೆ ಬಂದೂಕು ಇರುವ ಗೈಡ್ ಬೇಕು, ಕಾರಣ ಹಿಮಕರಡಿ. ಜಗತ್ತಿನ ಬೆಳೆಗಳ ಬೀಜ ಕಾಪಿಡಲು 2008ರಲ್ಲಿ ತೆರೆದ ಭಂಡಾರವನ್ನು ಹೊರಗಿನಿಂದ ಮಾತ್ರ ನೋಡಬಹುದು. ಮ್ಯೂಸಿಯಂ, ಕೆಲವು ಹೋಟೆಲುಗಳಲ್ಲಿ ಬಾಗಿಲಲ್ಲೇ ಶೂ ಬಿಚ್ಚಬೇಕು. ಕಲ್ಲಿದ್ದಲು ಗಣಿಯ ಮಸಿ ಒಳಗೆ ಬಾರದಿರಲೆಂದು ಶುರುವಾದ ಪದ್ಧತಿ ಅದು. ಗಟ್ಟಿ ಕಾಲುಚೀಲ ಹಾಕಿ ಹೋಗಿ.

ಹಿಮಕರಡಿ ನೋಡುವ ಆಸೆಯಿಂದ ಹೋಗುವವರಿಗೆ ಒಂದು ಮಾತು. 2025ರ ಜನವರಿಯಿಂದ ಸ್ವಾಲ್ಬಾರ್ಡ್‌ನ ಸಂರಕ್ಷಿತ ಪ್ರದೇಶಗಳಿಗೆ 200ಕ್ಕಿಂತ ಹೆಚ್ಚು ಪ್ರಯಾಣಿಕರ ಹಡಗು ಹೋಗುವಂತಿಲ್ಲ, ಅಲ್ಲಿ ನೆಲಕ್ಕಿಳಿಯುವುದೂ ಗೊತ್ತುಪಡಿಸಿದ 43 ಜಾಗಗಳಲ್ಲಿ ಮಾತ್ರ. ಕರಡಿಯಿಂದ ಮಾರ್ಚ್‌ನಿಂದ ಜೂನ್ ಕೊನೆ ತನಕ 500 ಮೀಟರ್, ಉಳಿದ ಕಾಲ 300 ಮೀಟರ್ ದೂರ ಇರಬೇಕು. ಅಂದರೆ 900 ಜನರ ಹಡಗಿನಲ್ಲಿ ಹೋದವರಿಗೆ ಸಿಗುವುದು ಲಾಂಗ್‌ಇಯರ್‌ಬಿಯೆನ್ ಪೇಟೆ ಮತ್ತು ಅದರ ಸುತ್ತಿನ ಫ್ಯೋರ್ಡು. ಕರಡಿಯೇ ಬೇಕಾದರೆ ಸಣ್ಣ ಎಕ್ಸ್‌ಪೆಡಿಷನ್ ಹಡಗು ಹಿಡಿಯಿರಿ, ಒಳ್ಳೆಯ 8x42 ದುರ್ಬೀನು ಒಯ್ಯಿರಿ. ಮೊಬೈಲಿನಲ್ಲಿ 300 ಮೀಟರ್ ದೂರದ ಕರಡಿ ಒಂದು ಹಳದಿ ಚುಕ್ಕೆ.

ಬಟ್ಟೆ, ಊಟ, ಫೋನು

ಜುಲೈಯಲ್ಲಿ ಕೋಪನ್‌ಹೇಗನ್ 20 ಡಿಗ್ರಿ ಆಸುಪಾಸು, ಟ್ರೊಮ್ಸೊ 12, ಲಾಂಗ್‌ಇಯರ್‌ಬಿಯೆನ್ ಆರೇಳು. ಡೆಕ್ಕಿನ ಗಾಳಿಯಲ್ಲಿ ಇನ್ನೂ ಕಡಿಮೆ ಅನಿಸುತ್ತದೆ. ಮೈಗೆ ತಾಗಿ ಉಣ್ಣೆಯ ಥರ್ಮಲ್, ಅದರ ಮೇಲೆ ಫ್ಲೀಸ್, ಹೊರಗೆ ನೀರು, ಗಾಳಿ ಎರಡೂ ತಡೆಯುವ ಜಾಕೆಟ್. ಹತ್ತಿ ಬನಿಯನ್ ಬೆವರು ಹಿಡಿದಿಟ್ಟು ಚಳಿ ಹೆಚ್ಚಿಸುತ್ತದೆ. ನಮ್ಮ ಬೈಕಿನ ರೈನ್‌ಕೋಟ್ ಮಳೆ ತಡೆಯುತ್ತದೆ, ಒಳಗೆ ಬೆವರೂ ಕಟ್ಟುತ್ತದೆ, ಅದು ಬೇಡ. ಕೊಡೆ ಗಾಳಿಗೆ ಮಗುಚುತ್ತದೆ. ಎಕ್ಸ್‌ಪೆಡಿಷನ್ ಹಡಗಿನವರು ಸಾಮಾನ್ಯವಾಗಿ ದಪ್ಪ ಪಾರ್ಕಾ ಜಾಕೆಟ್ ಕೊಡುತ್ತಾರೆ, ಬೂಟು ಎರವಲು ಸಿಗುತ್ತದೆ, ನೀರು ತಡೆಯುವ ಪ್ಯಾಂಟು ಮಾತ್ರ ನೀವೇ ತರಬೇಕು. ರಾತ್ರಿ ಊಟದ ಉಡುಪಿನ ಬಗ್ಗೆ ಚಿಂತೆ ಬೇಡ, ರೇಷ್ಮೆ ಸೀರೆ, ಬಂದ್‌ಗಲಾ ಎಲ್ಲಿಯೂ ಸಲ್ಲುತ್ತದೆ. ಮಲಗಲಿಕ್ಕೆ ಕಣ್ಣುಪಟ್ಟಿ ಇರಲಿ.

ಹಡಗಿನಲ್ಲಿ ‘ವೆಜಿಟೇರಿಯನ್’ ಎಂದರೆ ಮೊಟ್ಟೆ, ಚೀಸ್ ಎಲ್ಲ ಸೇರಿದ್ದು. ಮೊಟ್ಟೆ ಇಲ್ಲ, ಮೀನಿನ ಸಾಸ್ ಇಲ್ಲ, ಬೇಕಾದರೆ ಈರುಳ್ಳಿ, ಬೆಳ್ಳುಳ್ಳಿ ಇಲ್ಲ ಎಂದು ಬಿಡಿಸಿ ಬರೆದು ಎರಡು ಮೂರು ತಿಂಗಳು ಮೊದಲೇ ಕಳಿಸಿ. ಮೊದಲ ಸಂಜೆ ಊಟದ ಹಾಲಿನ ಮುಖ್ಯಸ್ಥರನ್ನು ಕಂಡು, ಮರುದಿನದ ಊಟ ಹಿಂದಿನ ರಾತ್ರಿಯೇ ಹೇಳುವ ಕ್ರಮ ಮಾಡಿಕೊಂಡರೆ ಅನ್ನ, ಬೇಳೆ ದಿನಾ ಸಿಗುತ್ತದೆ. ಕುಚಲಕ್ಕಿ ಸಿಗದು. ಹಡಗಿನ ಅಡುಗೆಮನೆಯಲ್ಲಿ ಮಂಗಳೂರು, ಉಡುಪಿ, ಗೋವಾದ ಹುಡುಗರು ಇರುವುದು ಅಪರೂಪ ಅಲ್ಲ. ತುಳುವಿನಲ್ಲಿ ಎರಡು ಮಾತಾಡಿದರೆ ಒಂದು ಸಾರು ಬಂದೀತು. ದಿನಾ ಕೇಳಿ ಅವರಿಗೆ ಕಷ್ಟ ಕೊಡಬೇಡಿ ಮಾರ್ರೆ, ಅವರ ಪಾಳಿ ಉದ್ದ. ಸೂರ್ಯಾಸ್ತದ ಮೊದಲು ಊಟ ಮುಗಿಸುವ ಜೈನರಿಗೂ ಏಕಾದಶಿಯ ಪಾರಣೆಗೆ ಸೂರ್ಯೋದಯ ಕಾಯುವವರಿಗೂ ಟ್ರೊಮ್ಸೊದಿಂದಾಚೆ ಒಂದು ಶಾಸ್ತ್ರ ಸಂಕಟ ಕಾದಿದೆ. ಯಾವ ಊರಿನ ಹೊತ್ತು ಹಿಡಿಯುವುದೆಂದು ಹೊರಡುವ ಮೊದಲೇ ಗುರುಗಳಲ್ಲಿ ಕೇಳಿಕೊಳ್ಳುವುದು ಒಳ್ಳೆಯದು.

ತುಪ್ಪದ ಬಾಟಲಿ, ಹಾಲಿನ ಪೇಡ, ಮಾಂಸದ ಉಪ್ಪಿನಕಾಯಿ ಒಯ್ಯಬೇಡಿ. ಹೊರಗಿನ ದೇಶಗಳ ಹಾಲು, ಮಾಂಸದ ಪದಾರ್ಥಕ್ಕೆ ನಾರ್ವೆಯಲ್ಲೂ ಯುರೋಪಿಯನ್ ಒಕ್ಕೂಟದಲ್ಲೂ ನಿಷೇಧ. ಹಸಿ ಕರಿಬೇವೂ ಬೇಡ. ಸೀಲ್ ಆದ ಚಟ್ನಿಪುಡಿ, ಮಿಡಿ ಉಪ್ಪಿನಕಾಯಿ, ತೆಳು ಅವಲಕ್ಕಿ ಸಾಕು. ಕಾಯಿಲ್, ರೈಸ್ ಕುಕ್ಕರ್, ಇಸ್ತ್ರಿಪೆಟ್ಟಿಗೆ, ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಷನ್ ಬೋರ್ಡು ಹಡಗಿನಲ್ಲಿ ಕಿತ್ತುಕೊಳ್ಳುತ್ತಾರೆ; ಬೆಂಕಿಯ ಭಯ. ಪ್ಲಗ್ಗು ಎರಡು ದುಂಡು ಕಡ್ಡಿಯದ್ದು. ನಮ್ಮ ಮೂರು ಕಡ್ಡಿಯದ್ದಕ್ಕೆ ಅಡಾಪ್ಟರ್ ಬೇಕು.

ಹಡಗು ಹೊರಟ ಕೂಡಲೇ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ನಡುಸಮುದ್ರದಲ್ಲಿ ಅದು ಹಡಗಿನ ಉಪಗ್ರಹ ಜಾಲಕ್ಕೆ ತಾನಾಗಿ ಸೇರಿಕೊಳ್ಳುತ್ತದೆ, ಯುರೋಪಿನ ರೋಮಿಂಗ್ ಪ್ಯಾಕ್ ಅದಕ್ಕೆ ಅನ್ವಯಿಸುವುದಿಲ್ಲ. ಬಿಲ್ಲು ಸಾವಿರಗಟ್ಟಲೆ ಬರುತ್ತದೆ. ಗಡಿಯಾರ ಹಡಗಿನ ಹೊತ್ತಿಗೇ ಇಡಿ. ಬೇಸಿಗೆಯಲ್ಲಿ ಫಿನ್ಲೆಂಡ್ ನಾರ್ವೆಗಿಂತ ಒಂದು ಗಂಟೆ ಮುಂದೆ, ಐಸ್‌ಲ್ಯಾಂಡ್ ಎರಡು ಗಂಟೆ ಹಿಂದೆ. ಫೋನು ತಾನೇ ಬದಲಿಸಿಕೊಂಡು ನಿಮ್ಮನ್ನು ಧಕ್ಕೆಯಲ್ಲಿ ಬಿಟ್ಟೀತು. ಯುಪಿಐ ಮರೆತುಬಿಡಿ. ನಗದೂ ಬಹುತೇಕ ಬೇಡ, ಸಾರ್ವಜನಿಕ ಶೌಚಾಲಯಕ್ಕೂ ಕಾರ್ಡೇ. ಹೊರಡುವ ಮೊದಲು ಬ್ಯಾಂಕಿನ ಆ್ಯಪಿನಲ್ಲಿ ಅಂತಾರಾಷ್ಟ್ರೀಯ ವ್ಯವಹಾರ ಆನ್ ಮಾಡಿ. ಯಂತ್ರ ‘ರೂಪಾಯಿಯೋ ಕ್ರೋನಾವೋ’ ಎಂದು ಕೇಳಿದರೆ ಯಾವಾಗಲೂ ಕ್ರೋನಾ ಒತ್ತಿ. ರೂಪಾಯಿ ಒತ್ತಿದರೆ ಅವರ ವಿನಿಮಯ ದರ ನಿಮ್ಮ ತಲೆಗೆ.

ಇಳಿಯುವ ಹಿಂದಿನ ರಾತ್ರಿ ಬ್ಯಾಗಿಗೆ ಬಣ್ಣದ ಟ್ಯಾಗು ಕಟ್ಟಿ ಬಾಗಿಲ ಹೊರಗಿಡಬೇಕು. ಪಾಸ್‌ಪೋರ್ಟ್, ಮಾತ್ರೆ, ಮರುದಿನದ ಬಟ್ಟೆ ಅದರೊಳಗೆ ಹೋಗದಂತೆ ನೋಡಿಕೊಳ್ಳಿ. ಕೋಣೆಯ ಖಾತೆಯ ಬಿಲ್ಲನ್ನು ಆ ರಾತ್ರಿಯೇ ಓದಿ, ಬೆಳಿಗ್ಗೆ ಕೌಂಟರಿನಲ್ಲಿ ಉದ್ದ ಸಾಲು. ಹಡಗು ಏಳಕ್ಕೆ ಮುಟ್ಟಿದರೂ ಹೊರಬರುವಾಗ ಒಂಬತ್ತಾಗಬಹುದು, ವಿಮಾನ ಮಧ್ಯಾಹ್ನ ಒಂದರ ಮೇಲಿರಲಿ. ಪ್ಯಾಕೇಜಿನ ಮೇಲೆ ಏಜೆಂಟರು ಮೊದಲೇ ಹಿಡಿದ ತೆರಿಗೆ (ಟಿಸಿಎಸ್) ನಿಮ್ಮ ಆದಾಯ ತೆರಿಗೆ ಖಾತೆಯ ವಿವರದಲ್ಲಿ ಬಂದಿದೆಯೇ ನೋಡಿ, ಪ್ಯಾನ್ ಸಂಖ್ಯೆ ತಪ್ಪಾಗಿದ್ದರೆ ಕೂಡಲೇ ತಿದ್ದಿಸಿ. ರಿಟರ್ನ್ ಹಾಕುವಾಗ ಅದು ತೆರಿಗೆಗೆ ಹೊಂದಿಕೆಯಾಗುತ್ತದೆ, ಹೆಚ್ಚಿದ್ದರೆ ವಾಪಸ್ ಬರುತ್ತದೆ.